ಲಿಂಗತ್ವ ಅಲ್ಪಸಂಖ್ಯಾತ ಕಲಾವಿದರ ವಿಡಿಯೊಗಳನ್ನು ಕಾರಣ ಹೇಳದೆ ಮರೆಮಾಡುವುದನ್ನು ತಡೆಯಲು ಕೋರಿ ಮನವಿ ಪತ್ರ

ಇವರಿಗೆ,
ಕಾರ್ಯದರ್ಶಿಗಳು,
ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ,
ಭಾರತ ಸರ್ಕಾರ, ನವದೆಹಲಿ.
(ಮಾನ್ಯ ಜಿಲ್ಲಾಧಿಕಾರಿಗಳು, ವಿಜಯಪುರ, ಇವರ ಮುಖಾಂತರ)

ಇವರಿಂದ,
ಲಿಂಗತ್ವ ಹಾಗೂ ಲೈಂಗಿಕ ಅಲ್ಪಸಂಖ್ಯಾತ ಕಲಾವಿದರು ಮತ್ತು ಒಡನಾಡಿಗಳು,
ತಾಂಬಾ, ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ.

ವಿಷಯ: ಮಾಹಿತಿ ತಂತ್ರಜ್ಞಾನ ನಿಯಮಗಳು 2021ರ ನಿಯಮ 4(8)ರ ವ್ಯಾಪ್ತಿಗೆ ‘ರೀಚ್’ (ಪೋಸ್ಟ್ ಜನರಿಗೆ ತಲುಪುವ ಪ್ರಮಾಣ) ತಗ್ಗಿಸುವ ಕ್ರಮವನ್ನೂ ತರುವ ಕುರಿತು.

ಮಾನ್ಯರೇ,

ತಾಂಬಾ ಹಾಗೂ ಸುತ್ತಲಿನ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಭಾಗದ ಊರುಗಳಲ್ಲಿ ಹಾಡು, ಕುಣಿತ, ಹಾಸ್ಯ, ಮೇಕಪ್ಪಿನ ವಿಡಿಯೊ ಮಾಡಿ ಫೋನಿನಲ್ಲಿ ಹಾಕುವವರು ನಾವು. ನಮ್ಮಲ್ಲಿ ಜೋಗಪ್ಪ, ಜೋಗತಿಯರಿದ್ದಾರೆ, ಮಂಗಳಮುಖಿಯರಿದ್ದಾರೆ, ಮನೆಯವರಿಗೆ ಇನ್ನೂ ಹೇಳಿಕೊಳ್ಳದ ಸಲಿಂಗಿ ಹುಡುಗ ಹುಡುಗಿಯರೂ ಇದ್ದಾರೆ. ಬೆಂಗಳೂರಿನಲ್ಲಿ 2008ರಿಂದ ನಮ್ಮಂಥವರ ಪ್ರೈಡ್ ಮೆರವಣಿಗೆ ನಡೆಯುತ್ತಿದೆ. ಅದು ನಮಗೆ ಐನೂರು ಕಿಲೋಮೀಟರಿಗೂ ಹೆಚ್ಚು ದೂರ. ನಮ್ಮಂಥವರು ಇನ್ನೊಬ್ಬರಿದ್ದಾರೆ ಎಂದು ಗೊತ್ತಾಗುವುದು, ಜಾತ್ರೆಯ ಕಾರ್ಯಕ್ರಮಕ್ಕೆ ಕರೆ ಬರುವುದು, ನಾಲ್ಕು ಕಾಸು ಸಿಗುವುದು ಎಲ್ಲವೂ ಈಗ ಫೋನಿನಿಂದಲೇ.

2021ರ ಫೆಬ್ರುವರಿಯಲ್ಲಿ ಹೊರಬಂದ ನಿಯಮಗಳು ಒಳ್ಳೆಯದೊಂದನ್ನು ಮಾಡಿವೆ. 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ವೇದಿಕೆ ತಾನಾಗಿ ಯಾರದ್ದಾದರೂ ಪೋಸ್ಟ್ ತೆಗೆದುಹಾಕುವುದಾದರೆ ಮೊದಲು ಅವರಿಗೆ ತಿಳಿಸಬೇಕು, ಕಾರಣ ಕೊಡಬೇಕು, ತಕರಾರು ಹೇಳಲು ಅವಕಾಶ ಕೊಡಬೇಕು ಎನ್ನುತ್ತದೆ ನಿಯಮ 4(8). ಆದರೆ ಪೋಸ್ಟ್ ತೆಗೆಯದೆ, ಅದನ್ನು ಯಾರ ಕಣ್ಣಿಗೂ ಬೀಳದಂತೆ ಇಟ್ಟರೆ? ಅದಕ್ಕೆ ನಿಯಮದಲ್ಲಿ ಮಾತೇ ಇಲ್ಲ. ನಮ್ಮ ಸಂಕಟವೆಲ್ಲ ಈ ಕಿಂಡಿಯಲ್ಲೇ ಇದೆ.

ನಮ್ಮಲ್ಲೊಬ್ಬರು ಕೊಡ ಹೊತ್ತು ಕುಣಿದ ವಿಡಿಯೊ ಚೆನ್ನಾಗಿ ಓಡುತ್ತಿತ್ತು. ‘ನಾನು ಟ್ರಾನ್ಸ್ ಮಹಿಳೆ’ ಎಂದು ಪರಿಚಯದ ಸಾಲು ಬದಲಿಸಿಕೊಂಡ ಮೇಲೆ ನೋಡುವವರು ಬೆರಳೆಣಿಕೆಗೆ ಇಳಿದರು. ಅದೇ ಹಾಡು, ಅದೇ ಸೀರೆ. ಇನ್ನೊಬ್ಬರ ಖಾತೆಗೆ ಊರ ಹುಡುಗರು ಗುಂಪು ಕಟ್ಟಿಕೊಂಡು ‘ರಿಪೋರ್ಟ್’ ಹೊಡೆದರು, ಲೈವ್ ಬಂದ್ ಆಯಿತು. ಇಂಗ್ಲಿಷಿನಲ್ಲಿ ಒಂದು ಸಾಲಿನ ಸೂಚನೆ ಬಂತು, ಏನು ತಪ್ಪಾಯಿತು ಎಂಬುದು ಅದರಲ್ಲಿ ಇರಲಿಲ್ಲ. ಇದು ನಮ್ಮ ಅನುಮಾನ ಮಾತ್ರ, ವಿಡಿಯೊ ಜನರಿಗೆ ಹಿಡಿಸಲಿಲ್ಲವಷ್ಟೇ ಎಂದು ವೇದಿಕೆಯವರು ಹೇಳಬಹುದು. ಇರಬಹುದು. ಆದರೆ ನಿಜ ಯಾವುದು ಎಂದು ತಿಳಿಯುವ ದಾರಿ ಅವರ ಕೈಯಲ್ಲಿದೆ, ನಮ್ಮ ಕೈಯಲ್ಲಿಲ್ಲ. ವೇದಿಕೆಗಳ ತೀರ್ಮಾನ ಪ್ರಶ್ನಿಸಲು ಕುಂದುಕೊರತೆ ಮೇಲ್ಮನವಿ ಸಮಿತಿಗಳನ್ನು ಸರ್ಕಾರ 2023ರ ಜನವರಿಯಲ್ಲಿ ರಚಿಸಿದೆ, ಸಂತೋಷ. ಆದರೆ ತೀರ್ಮಾನವೇ ಕಣ್ಣಿಗೆ ಕಾಣದಿದ್ದರೆ ಯಾವುದರ ಮೇಲೆ ಮೇಲ್ಮನವಿ ಹೋಗುವುದು?

ಹೀಗೆ ಮರೆಮಾಡುವುದು ನಮ್ಮ ಕಲ್ಪನೆಯಲ್ಲ. 2017ರ ಮಾರ್ಚ್‌ನಲ್ಲಿ ಯೂಟ್ಯೂಬ್‌ನ ‘ನಿರ್ಬಂಧಿತ ಮೋಡ್’ ಸಾಮಾನ್ಯ ಮಾತುಕತೆಯ ಕ್ವಿಯರ್ (ಲಿಂಗತ್ವ, ಲೈಂಗಿಕ ಅಲ್ಪಸಂಖ್ಯಾತರ) ವಿಡಿಯೊಗಳನ್ನೂ ಬಚ್ಚಿಡುತ್ತಿದ್ದುದು ಬಯಲಾಯಿತು, ಕಂಪನಿ ತಪ್ಪೊಪ್ಪಿಕೊಂಡು ತಿದ್ದಿತು. 2019ರ ಡಿಸೆಂಬರ್‌ನಲ್ಲಿ ಜರ್ಮನಿಯ ‘ನೆಟ್ಸ್‌ಪೊಲಿಟಿಕ್’ ಪತ್ರಿಕೆ ಟಿಕ್‌ಟಾಕ್‌ನ ಒಳ ಸೂಚನೆಗಳನ್ನು ಪ್ರಕಟಿಸಿತು. ಅಂಗವಿಕಲರು, ದಪ್ಪ ಮೈಯವರು, ಕ್ವಿಯರ್ ಜನ ಅವಹೇಳನಕ್ಕೆ ಗುರಿಯಾಗಬಹುದೆಂದು ಅವರ ವಿಡಿಯೊಗಳ ಹರಡುವಿಕೆಯನ್ನೇ ಅಲ್ಲಿ ತಗ್ಗಿಸಲಾಗುತ್ತಿತ್ತು. ಬೈಯುವವರನ್ನು ಬಿಟ್ಟು ಬೈಸಿಕೊಳ್ಳುವವರನ್ನು ಬಚ್ಚಿಡುವ ಈ ರಕ್ಷಣೆ ನಮ್ಮ ಊರಿನ ಹಿರಿಯರಿಗೂ ಚೆನ್ನಾಗಿ ಗೊತ್ತು. ಪೋಸ್ಟ್ ತೆಗೆಯುವಾಗಲೂ ಹೀಗೇ ತಪ್ಪಾಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾದ ಮೇಲ್ವಿಚಾರಣಾ ಮಂಡಳಿ 2023ರ ಜನವರಿಯಲ್ಲಿ ಅಮೆರಿಕದ ಟ್ರಾನ್ಸ್ ಜೋಡಿಯೊಂದರ ಎರಡು ಇನ್‌ಸ್ಟಾಗ್ರಾಂ ಪೋಸ್ಟುಗಳ ಬಗ್ಗೆ ತೀರ್ಪು ಕೊಟ್ಟಿತು. ಶಸ್ತ್ರಚಿಕಿತ್ಸೆಗೆ ಹಣ ಕೂಡಿಸುವ ಆ ಪೋಸ್ಟುಗಳನ್ನು ‘ಲೈಂಗಿಕ ಆಹ್ವಾನ’ ಎಂದು ತೆಗೆಯಲಾಗಿತ್ತು. ಮಂಡಳಿ ಅದನ್ನು ತಪ್ಪೆಂದಿತು.

ಇದೇ ಕಂಪನಿಗಳು ಇನ್ನೊಂದು ಕಡೆ ಬೇರೆಯೇ ನಡೆಯಬೇಕಾಗಿದೆ. 2024ರ ಫೆಬ್ರುವರಿ 17ರಿಂದ ಪೂರ್ಣವಾಗಿ ಜಾರಿಯಲ್ಲಿರುವ ಯುರೋಪಿನ ಡಿಜಿಟಲ್ ಸೇವೆಗಳ ಕಾಯ್ದೆಯ 17ನೇ ವಿಧಿಯಂತೆ, ಪೋಸ್ಟ್ ತೆಗೆದಾಗ ಮಾತ್ರವಲ್ಲ, ಅದನ್ನು ಕೆಳಗೆ ತಳ್ಳಿದಾಗಲೂ ಹಣ ತಡೆದಾಗಲೂ ಬಳಕೆದಾರರಿಗೆ ಕಾರಣ ಕೊಡಲೇಬೇಕು. ಪ್ಯಾರಿಸಿನವರಿಗೆ ಕೊಡುವ ಕಾರಣವನ್ನು ತಾಂಬಾದವರಿಗೆ ಕೊಡಲು ತಾಂತ್ರಿಕ ಅಡ್ಡಿ ಏನೂ ಇಲ್ಲ. ಕೊಡಬೇಕೆಂಬ ನಿಯಮವಿಲ್ಲ, ಅಷ್ಟೇ.

ಕನ್ನಡದ ಮಾತನ್ನು ಇಲ್ಲಿ ಹೇಳಲೇಬೇಕು. ನಮ್ಮ ವಿಡಿಯೊದ ಕೆಳಗೆ ನಮ್ಮನ್ನು ಹೀಯಾಳಿಸಲು ‘ಒಂಬತ್ತು’ ಎಂದು ಬರೆದು ನಗುವವರ ಕಾಮೆಂಟು ಹಾಗೇ ಉಳಿಯುತ್ತದೆ. ಯಂತ್ರಕ್ಕೆ ಅದು ಬರಿಯ ಸಂಖ್ಯೆ. ನಮ್ಮವರೇ ತಮ್ಮನ್ನು ‘ಹಿಜ್ಡಾ’ ಎಂದು ಹೆಮ್ಮೆಯಿಂದ ಕರೆದುಕೊಂಡರೆ ಎಚ್ಚರಿಕೆ ಬರುತ್ತದೆ. 2021ರಲ್ಲಿ ಬಯಲಾದ ಫೇಸ್‌ಬುಕ್‌ನ ಒಳ ಕಡತಗಳು ಹಿಂದಿ, ಬಂಗಾಳಿಯಂಥ ದೊಡ್ಡ ಭಾಷೆಗಳಲ್ಲೇ ದ್ವೇಷದ ಮಾತು ಹಿಡಿಯುವ ಸಾಧನಗಳ ಕೊರತೆ ಇತ್ತೆಂದು ಹೇಳಿದ್ದವು. ಕನ್ನಡದ ಪಾಡು, ಅದರಲ್ಲೂ ವಿಜಯಪುರದ ಆಡುಮಾತಿನ ಪಾಡು, ತಾವೇ ಊಹಿಸಬಹುದು. ಸಾಲದ್ದಕ್ಕೆ ಮೆಟಾ 2025ರ ಜನವರಿಯಲ್ಲಿ ತನ್ನ ನೀತಿ ಸಡಿಲಿಸಿ, ಲಿಂಗತ್ವ ಅಥವಾ ಲೈಂಗಿಕತೆಯ ಕಾರಣಕ್ಕೆ ಒಬ್ಬರನ್ನು ಮಾನಸಿಕ ರೋಗಿ ಎನ್ನಲು ಅವಕಾಶ ಕೊಟ್ಟಿತು. ಸಲಿಂಗ ಪ್ರೇಮ ರೋಗವಲ್ಲ ಎಂದು ಭಾರತೀಯ ಮನೋವೈದ್ಯರ ಸಂಘ 2018ರಲ್ಲೇ ಹೇಳಿದೆ. 2023ರ ನವೆಂಬರ್‌ನಲ್ಲಿ ಉಜ್ಜಯಿನಿಯ 16 ವರ್ಷದ ಮೇಕಪ್ ಕಲಾವಿದರೊಬ್ಬರು ಸೀರೆಯುಟ್ಟ ರೀಲ್ ಹಾಕಿ, ಅದರ ಕೆಳಗೆ ನಿಂದನೆಗಳು ತುಂಬಿಕೊಂಡ ಮೇಲೆ ಜೀವ ಕಳೆದುಕೊಂಡರು. ಇದನ್ನು ನಾವು ಮರೆತಿಲ್ಲ.

ಆದ್ದರಿಂದ ತಮ್ಮಲ್ಲಿ ನಮ್ಮ ಮೊದಲ ಮತ್ತು ಮುಖ್ಯ ಬೇಡಿಕೆ: ನಿಯಮ 4(8)ಕ್ಕೆ ತಿದ್ದುಪಡಿ ತಂದು, ರೀಚ್ ತಗ್ಗಿಸುವುದು, ಹುಡುಕಾಟದಿಂದ ಅಥವಾ ಶಿಫಾರಸಿನಿಂದ ಕೈಬಿಡುವುದು, ಲೈವ್ ಮತ್ತು ಗಳಿಕೆ ತಡೆಯುವುದು, ಇವೆಲ್ಲಕ್ಕೂ ಮುಂಚಿತ ಸೂಚನೆ ಮತ್ತು ಕಾರಣ ಕಡ್ಡಾಯವಾಗಬೇಕು. ಆ ಸೂಚನೆ ಬಳಕೆದಾರರು ಆರಿಸಿಕೊಂಡ ಭಾಷೆಯಲ್ಲಿರಬೇಕು. ವೇದಿಕೆಯ ಷರತ್ತುಗಳು ಬಳಕೆದಾರರ ಆಯ್ಕೆಯಂತೆ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಸಿಗಬೇಕೆಂದು ಇದೇ ನಿಯಮಗಳ 2022ರ ತಿದ್ದುಪಡಿ ಈಗಾಗಲೇ ಬಯಸಿದೆ. ಷರತ್ತು ಕನ್ನಡದಲ್ಲಿ, ಶಿಕ್ಷೆ ಇಂಗ್ಲಿಷಿನಲ್ಲಿ ಎಂದರೆ ಹೇಗೆ?

ಅತ್ಯಾಚಾರದ ಮತ್ತು ಮಕ್ಕಳ ಶೋಷಣೆಯ ದೃಶ್ಯಗಳನ್ನು ಹುಡುಕುವ ತಂತ್ರಾಂಶಗಳಲ್ಲಿ ಪಕ್ಷಪಾತವಿದೆಯೇ ಎಂದು ಆಗಾಗ ಪರಿಶೀಲಿಸಬೇಕೆಂದು ನಿಯಮ 4(4) ಹೇಳುತ್ತದೆ. ಆ ಪರಿಶೀಲನೆಯನ್ನು ರೀಚ್ ನಿರ್ಧರಿಸುವ ತಂತ್ರಾಂಶಕ್ಕೂ ವಿಸ್ತರಿಸಿ, ಫಲಿತಾಂಶವನ್ನು ಮಾಸಿಕ ವರದಿಯಲ್ಲಿ ಭಾಷಾವಾರು ಪ್ರಕಟಿಸಬೇಕು. ಕನ್ನಡದ ಪರಿಶೀಲನೆಗೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹಾಗೂ ಸಮುದಾಯದವರ ನೆರವು ಪಡೆಯಬಹುದು. ಗುಂಪಾಗಿ ಬಂದ ‘ರಿಪೋರ್ಟ್’ಗಳ ಮೇಲೆ ಮನುಷ್ಯರೊಬ್ಬರು ನೋಡದೆ ಕ್ರಮ ಆಗಬಾರದು.

ಮೇಲ್ಮನವಿ ಕನ್ನಡದಲ್ಲಿ ಸಲ್ಲಿಸಲು ಅವಕಾಶವಿರಲಿ. ಹೆಸರು ಬದಲಿಸಿಕೊಂಡವರ ಖಾತೆಯನ್ನು ಹಳೆಯ ಆಧಾರ್ ಹೆಸರಿನ ನೆಪದಲ್ಲಿ ತಡೆಯದೆ, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆಯಂತೆ ಜಿಲ್ಲಾಧಿಕಾರಿಗಳು ಕೊಡುವ ಗುರುತಿನ ಪ್ರಮಾಣಪತ್ರವನ್ನು ವೇದಿಕೆಗಳು ಒಪ್ಪಬೇಕು. ದೂರು ಕೊಟ್ಟವರ ಗುರುತು ಮನೆಗೆ, ಊರಿಗೆ ಬಯಲಾಗಬಾರದು.

ನಾವು ಏನು ಕೇಳುತ್ತಿಲ್ಲ ಎಂಬುದೂ ದಾಖಲಾಗಲಿ. ಅಶ್ಲೀಲತೆಗೆ ರಿಯಾಯಿತಿ ಬೇಡ, ಮಕ್ಕಳ ರಕ್ಷಣೆಯ ನಿಯಮ ಸಡಿಲವಾಗುವುದು ಬೇಡ. ನಮ್ಮ ಹೆಸರು ಹೇಳಿ ಸರ್ಕಾರವೇ ಇನ್ನಷ್ಟು ಪೋಸ್ಟುಗಳನ್ನು ಅಳಿಸುವ ಅಧಿಕಾರ ಪಡೆಯುವುದಂತೂ ಬೇಡವೇ ಬೇಡ. ಅಂಥ ಅಧಿಕಾರದ ಪೆಟ್ಟು ಮೊದಲು ಬೀಳುವುದು ನಮ್ಮ ಮೇಲೆ.

2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಜೋಗತಿ ಕುಣಿತದ ಕಲಾವಿದೆ ಮಂಜಮ್ಮ ಜೋಗತಿ ಪದ್ಮಶ್ರೀ ಪಡೆಯುವ ಮುನ್ನ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ಇಡೀ ದೇಶ ಅದನ್ನು ಫೋನಿನಲ್ಲಿ ನೋಡಿ ಮೆಚ್ಚಿತು. ಅದೇ ಪರಂಪರೆಯ ಕುಣಿತ ತಾಂಬಾದ ಅಂಗಳದಿಂದ ಬಂದಾಗ ಅದು ಶಿಫಾರಸಿಗೆ ಅರ್ಹವಲ್ಲ ಎನ್ನುವುದಾದರೆ ಕಾರಣ ಕೇಳುವ ಹಕ್ಕು ನಮಗಿದೆ. ಟ್ರಾನ್ಸ್‌ಜೆಂಡರ್ ಜನರ ಹಕ್ಕುಗಳ ಕುರಿತ ನಲ್ಸಾ ಪ್ರಕರಣದಲ್ಲಿ 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್, ಲಿಂಗತ್ವವನ್ನು ವ್ಯಕ್ತಪಡಿಸುವುದೂ ಸಂವಿಧಾನದ 19ನೇ ವಿಧಿಯ ಸ್ವಾತಂತ್ರ್ಯದೊಳಗೆ ಬರುತ್ತದೆ ಎಂದಿದೆ. 19ನೇ ವಿಧಿಯ ಹಕ್ಕನ್ನು ವೇದಿಕೆಗಳು ಗೌರವಿಸಬೇಕೆಂದು ತಮ್ಮ ನಿಯಮ 3(1)(ಎನ್) ಕೂಡ ಹೇಳುತ್ತದೆ.

ಮಾನ್ಯ ಜಿಲ್ಲಾಧಿಕಾರಿಗಳು ಈ ಮನವಿಯನ್ನು ತಮ್ಮ ಅಭಿಪ್ರಾಯದೊಂದಿಗೆ ಸಚಿವಾಲಯಕ್ಕೆ ಕಳುಹಿಸಿಕೊಡಬೇಕೆಂದೂ, ಸಚಿವಾಲಯವು ಕೈಗೊಂಡ ಕ್ರಮವನ್ನು ನಮಗೆ ಕನ್ನಡದಲ್ಲಿ, ಬರವಣಿಗೆಯಲ್ಲಿ ತಿಳಿಸಬೇಕೆಂದೂ ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಸಹಿ ಮಾಡಿದವರು ಮತ್ತು ಹೆಬ್ಬೆರಳು ಒತ್ತಿದವರು
ತಾಂಬಾ