ಶೇಷದ ಚಿಹ್ನೆ

ಭಾಗಾಕಾರವು ಪ್ರಾಥಮಿಕ ಶಾಲೆಯಲ್ಲಿಯೇ ಮುಗಿದ ಪಾಠವೆಂದು ನಾವೆಲ್ಲರೂ ಭಾವಿಸುತ್ತೇವೆ. ೧೭ನ್ನು ೫ರಿಂದ ಭಾಗಿಸಿದರೆ ಭಾಗಲಬ್ಧ ೩, ಶೇಷ ೨; ಇದರಲ್ಲಿ ಕಲಿಯತಕ್ಕದ್ದು ಇನ್ನೇನಿದೆ? ಗಣಕಯಂತ್ರಕ್ಕೆ ಆದೇಶಗಳನ್ನು ಬರೆಯುವ ಸಿ ಭಾಷೆಯಲ್ಲಿಯೂ ಪೂರ್ಣಾಂಕಗಳ ನಡುವೆ ‘/’ ಎಂದು ಬರೆದರೆ ಭಾಗಲಬ್ಧವೂ ‘%’ ಎಂದು ಬರೆದರೆ ಶೇಷವೂ ಇದೇ ರೀತಿ ದೊರೆಯುತ್ತವೆ. ಆದರೆ ಭಾಜ್ಯವು ಋಣಸಂಖ್ಯೆಯಾದೊಡನೆ ಈ ಸರಳತೆ ಉಳಿಯುವುದಿಲ್ಲ.

−೭ನ್ನು ೨ರಿಂದ ಭಾಗಿಸೋಣ. ನಿಖರವಾದ ಉತ್ತರ −೩.೫. ಸೊನ್ನೆಯ ಕಡೆಗೆ ಸರಿದರೆ ಭಾಗಲಬ್ಧ −೩, ಶೇಷ −೧. ಅದಕ್ಕಿಂತ ಚಿಕ್ಕ ಪೂರ್ಣಾಂಕದ ಕಡೆಗೆ ಸರಿದರೆ ಭಾಗಲಬ್ಧ −೪, ಶೇಷ ೧. ಭಾಜಕವನ್ನು ಭಾಗಲಬ್ಧದಿಂದ ಗುಣಿಸಿ ಶೇಷವನ್ನು ಕೂಡಿಸಿದರೆ ಭಾಜ್ಯವೇ ಬರಬೇಕೆಂಬ ನಿಯಮವು ಎರಡರಲ್ಲಿಯೂ ಸಲ್ಲುತ್ತದೆ. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ೧೯೮೯ರ ಸಿ ಮಾನಕವು ಕಂಪೈಲರುಗಳ ಇಷ್ಟಕ್ಕೆ ಬಿಟ್ಟಿತ್ತು. ೧೯೯೯ರ ಮಾನಕವು ಸೊನ್ನೆಯ ಕಡೆಗೇ ಸರಿಯಬೇಕೆಂದು ವಿಧಿಸಿತು. ಪೈಥಾನ್ ಭಾಷೆಯಾದರೋ ಎರಡನೆಯ ದಾರಿಯನ್ನು ಹಿಡಿದಿದೆ. ಲೆಕ್ಕ ಒಂದೇ, ಉತ್ತರ ಮಾತ್ರ ಎರಡು!

ಇದು ಪಂಡಿತರ ಶುಷ್ಕವಾದವೆಂದು ತಳ್ಳಿಹಾಕುವಂತಿಲ್ಲ. ಭಾನುವಾರಕ್ಕೆ ೦, ಶನಿವಾರಕ್ಕೆ ೬ ಎಂದು ವಾರಗಳನ್ನು ಎಣಿಸೋಣ. ಇಂದು ಮಂಗಳವಾರವಾದರೆ, ಅಂದರೆ ೨ ಆದರೆ, ಹತ್ತು ದಿನಗಳ ಹಿಂದೆ ಯಾವ ವಾರವಿತ್ತು? ‘(೨ − ೧೦) % ೭’ ಎಂದು ಕೇಳಿದರೆ ಸಿ ಭಾಷೆಯು −೧ ಎನ್ನುತ್ತದೆ. ಅಂಥ ವಾರ ಯಾವ ಪಂಚಾಂಗದಲ್ಲಿಯೂ ಇಲ್ಲ. ಶೇಷವು ಋಣವಾದಾಗ ಅದಕ್ಕೆ ೭ನ್ನು ಕೂಡಿಸಿದರೆ ಮಾತ್ರ ೬, ಎಂದರೆ ಶನಿವಾರವೆಂಬ ಸರಿಯುತ್ತರ ಬರುತ್ತದೆ. ‘೨ರಿಂದ ಭಾಗಿಸಿದಾಗ ಶೇಷ ೧ ಬಂದರೆ ಬೆಸಸಂಖ್ಯೆ’ ಎಂಬ ಪರೀಕ್ಷೆಯನ್ನು ಬರೆದ ವಿದ್ಯಾರ್ಥಿಗೆ −೭ ಬೆಸಸಂಖ್ಯೆಯಾಗಿ ಕಾಣುವುದೇ ಇಲ್ಲ. ‘ಶೇಷ ಸೊನ್ನೆಯಲ್ಲದಿದ್ದರೆ’ ಎಂದು ಬರೆದಿದ್ದರೆ ಈ ತೊಡಕು ಹುಟ್ಟುತ್ತಿರಲಿಲ್ಲ.

ಇಂಥ ದೋಷಗಳಲ್ಲಿ ಯಂತ್ರವು ನಿಲ್ಲುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ತಪ್ಪುತ್ತರವನ್ನು ನಿಶ್ಶಂಕೆಯಿಂದ ಮುಂದಿನ ಲೆಕ್ಕಕ್ಕೆ ಒಪ್ಪಿಸುತ್ತದೆ. ಸಿ ಭಾಷೆಯ ಆಯ್ಕೆಯನ್ನು ನಾವು ದೂರುತ್ತಿಲ್ಲ. ನಿಯಮವು ಸ್ಪಷ್ಟವಾಗಿದ್ದರೆ ಅದರೊಡನೆ ಬಾಳಬಹುದು. ನಮ್ಮ ಆಕ್ಷೇಪಣೆಯಿರುವುದು ಧನಸಂಖ್ಯೆಗಳ ಉದಾಹರಣೆಗಳನ್ನಷ್ಟೇ ಕೊಟ್ಟು ಪಾಠವನ್ನು ಮುಗಿಸುವ ಬೋಧನಕ್ರಮಕ್ಕೆ. ಭಾಗಾಕಾರದ ಪ್ರತಿಯೊಂದು ಅಭ್ಯಾಸದಲ್ಲಿಯೂ ಒಂದು ಋಣಭಾಜ್ಯವಿರಲಿ. ಭಾಜಕವು ಸೊನ್ನೆಯಾದರೆ ಮಾನಕವು ಯಾವ ಉತ್ತರದ ಹೊಣೆಯನ್ನೂ ಹೊರುವುದಿಲ್ಲವೆಂಬುದನ್ನೂ ಅಲ್ಲಿಯೇ ತಿಳಿಸಲಿ. ಬಾಲ್ಯದಲ್ಲಿ ಕಲಿತ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸುವ ಮುನ್ನ ಇನ್ನೊಮ್ಮೆ ಕಲಿಯುವುದರಲ್ಲಿ ನಾಚಿಕೆಯೇನೂ ಇಲ್ಲ.