ಹುಣಸೂರಿನ ಕಲ್ಲೂ ವಿದ್ವಾಂಸನ ತೂಕವೂ

ಮೈಸೂರು ಸೀಮೆಯ ಇತಿಹಾಸವನ್ನು ಕುರಿತ ಪ್ರೌಢಗ್ರಂಥಗಳನ್ನು ತೆರೆದರೆ ಅಡಿಟಿಪ್ಪಣಿಗಳಲ್ಲಿ ಹುಣಸೂರು, ಹೆಗ್ಗಡದೇವನಕೋಟೆ, ಎಡತೊರೆ ಎಂಬ ಹೆಸರುಗಳ ಮೊಟಕು ರೂಪವೂ ಅದರ ಮುಂದೊಂದು ಅಂಕಿಯೂ ಕಾಣುವುದುಂಟು. ಬಿ. ಎಲ್. ರೈಸರು ೧೮೯೮ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಅಲ್ಲಿನ ಶಾಸನಗಳಿಗೆ ಬಿದ್ದ ಅಂಕಿಗಳವು. (ಎಡತೊರೆಯ ತಾಲ್ಲೂಕೇ ಇಂದಿನ ಕೃಷ್ಣರಾಜನಗರ, ಪಿರಿಯಾಪಟ್ಟಣ ಅಂದು ಹುಣಸೂರು ತಾಲ್ಲೂಕಿನೊಳಗಿತ್ತು.)

೨೦೦೫ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿಯು ವಿದ್ವಾಂಸರನ್ನು ತೂಗಲು ಒಂದು ಸೂಚ್ಯಂಕವನ್ನು ಕಟ್ಟಿದನು. ಹತ್ತು ಸಲವಾದರೂ ಉಲ್ಲೇಖಗೊಂಡ ಬರಹಗಳು ಹತ್ತಿದ್ದರೆ ಅಂಕ ಹತ್ತು. ಆ ತಕ್ಕಡಿಯಲ್ಲಿ ರೈಸರ ಹನ್ನೆರಡು ಸಂಪುಟಗಳನ್ನಿಟ್ಟರೆ, ಉಲ್ಲೇಖಗಳು ಎಷ್ಟು ಸಾವಿರವಿದ್ದರೂ, ಮುಳ್ಳು ಹನ್ನೆರಡನ್ನು ದಾಟದು! ಸುಮಾರು ಒಂಬತ್ತು ಸಾವಿರ ಶಾಸನಗಳ ದುಡಿಮೆಗೆ ದೊರೆತ ಬೆಲೆಯಿದು.

ಇನ್ನು, ಊರೂರು ಅಲೆದು ಕಲ್ಲು ತೊಳೆದು, ಪಡಿಯಚ್ಚು ತೆಗೆದು, ಸವೆದ ಅಕ್ಷರಗಳನ್ನು ಬಿಡಿಸಿದ ಪಂಡಿತರ ಪಾಲೆಷ್ಟು? ಉಲ್ಲೇಖವೆಲ್ಲ ಸಂಪಾದಕರ ಲೆಕ್ಕಕ್ಕೇ ಜಮೆ. ರೈಸರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು ೧೯೦೬ರಲ್ಲಿ ಇಲಾಖೆಯ ಮುಖ್ಯಸ್ಥರಾದರು. ‘ಕರ್ಣಾಟಕ ಕವಿಚರಿತೆ’ಯಿಂದ ಅವರ ಹೆಸರು ನಿಂತಿತು. ಮಿಕ್ಕವರು ಅಡಿಟಿಪ್ಪಣಿಗೆ ಏರುವುದೂ ಅಪರೂಪ.