ಕೇಪಿನ ಕೋವಿ: ಮದ್ದು ಯಾರದು, ಕೈ ಯಾರದು?

ಅನಮೋಡ ಘಟ್ಟ ಇಳಿದು ಗೋವೆಗೆ ಹೋಗಿ, ಅಲ್ಲಿಯ ಅಡಕೆ ತೋಟ, ಗೇರುಗುಡ್ಡಗಳನ್ನು ಕಾಯುತ್ತಿರುವ ನಮ್ಮ ಒಕ್ಕಲು ಮಕ್ಕಳಿಗೆ ಈ ವಾರ ಒಂದು ಬೇರೆ ಬಗೆಯ ಮಾತು ಹೇಳಬೇಕಾಗಿದೆ. ಬೀಜ, ಗೊಬ್ಬರಗಳ ಮಾತಲ್ಲ. ರಾತ್ರಿ ಮಾಳದ ಮೇಲೆ ಕುಳಿತಾಗ ನಿಮ್ಮ ತೊಡೆಯ ಮೇಲಿರುವ ಕೇಪಿನ ಕೋವಿಯ ಮಾತು.

ಸತ್ತರಿಗೆ ಮಹದಾಯಿ, ಧಾರಬಾಂದೋಡಾಕ್ಕೆ ಮೊಲ್ಲೆ, ಸಾಂಗೆಗೆ ನೇತ್ರಾವಳಿ, ಕಾಣಕೋಣಕ್ಕೆ ಕೋಟಿಗಾಂವ, ಹೀಗೆ ಒಂದೊಂದು ತಾಲೂಕಿನ ಬೆನ್ನಿಗೂ ಒಂದೊಂದು ಅಭಯಾರಣ್ಯ ಅಂಟಿಕೊಂಡಿದೆ. ಬೇಲಿಯ ಆಚೆಗೆ ಕಾಡು, ಈಚೆಗೆ ಬೆಳೆ. ಕಾಡುಹಂದಿ ಗೆಡ್ಡೆ ಕೀಳುತ್ತದೆ. ಮಂಗ ಎಳನೀರು, ಗೇರುಹಣ್ಣು ಹಾಳು ಮಾಡುತ್ತದೆ. ಗೋವೆಯವರು ಗವೊರೆಡೊ ಎನ್ನುವ ಕಾಡುಕೋಣ ನುಗ್ಗಿದರಂತೂ ಒಂದೇ ರಾತ್ರಿಯಲ್ಲಿ ಗದ್ದೆ ಸಪಾಟು. ಈ ಕಾಡುಕೋಣವೇ ಗೋವಾ ರಾಜ್ಯದ ರಾಜ್ಯಪ್ರಾಣಿ ಎಂಬುದು ಗದ್ದೆ ಕಳೆದುಕೊಂಡವನಿಗೆ ಅಂಥ ಸಮಾಧಾನದ ಸಂಗತಿಯೇನೂ ಅಲ್ಲ. ಆದ್ದರಿಂದಲೇ ಮನೆಮನೆಯ ಮೂಲೆಯಲ್ಲಿ ಒಂದು ಒಂಟಿ ನಳಿಗೆಯ ಕೋವಿ ಇರುತ್ತದೆ. 1959 ರ ಶಸ್ತ್ರ ಕಾಯಿದೆಯೇ ಬೆಳೆ ರಕ್ಷಣೆಗೆಂದು, ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸು ಕೊಡಬೇಕೆಂದು ಬರೆದಿದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿಗೂ ಕೊಡಬಹುದು.

ಆದರೆ ಲೈಸೆನ್ಸು ಯಾರ ಹೆಸರಿನಲ್ಲಿದೆ? ತೋಟದ ಧಣಿಯ ಹೆಸರಿನಲ್ಲಿ. ರಾತ್ರಿ ಕೋವಿ ಹಿಡಿದು ಕೂರುವವನು ಯಾರು? ಖಾನಾಪುರದಿಂದಲೋ ಹಳಿಯಾಳದಿಂದಲೋ ಹೋದ ನಮ್ಮವನು. ಇಲ್ಲಿಯೇ ಮೊದಲನೆಯ ಗಂಡಾಂತರ. ದುರಸ್ತಿಗೋ ಲೈಸೆನ್ಸಿನ ನವೀಕರಣಕ್ಕೋ ಧಣಿಯ ಬರಹ ಹಿಡಿದು ಕೋವಿ ಒಯ್ಯುವುದಕ್ಕೆ ಕಾಯಿದೆಯಲ್ಲಿ ಅವಕಾಶವಿದೆ. ಧಣಿ ಮನೆಯಲ್ಲಿ ಮಲಗಿರುವಾಗ ಆಳು ತೋಟದಲ್ಲಿ ಕೋವಿ ಹಿಡಿದು ಕಾವಲು ಕೂರುವುದಕ್ಕೆ ಆ ಅವಕಾಶ ಸಲ್ಲುವುದಿಲ್ಲ. ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಂಡವನಿಗೆ 2019 ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸೆರೆ. ಪೋಲೀಸರು ಬಂದಾಗ “ಸಾಹುಕಾರರು ಕೊಟ್ಟರು” ಎಂಬ ಮಾತು ಎಷ್ಟು ದೂರ ನಡೆದೀತು? ನಿಮ್ಮ ಹೆಸರು ಲೈಸೆನ್ಸಿನ ಪುಸ್ತಕದಲ್ಲಿ ಇದೆಯೇ ಎಂದು ಕೇಳಿರಿ, ಓದಬಲ್ಲವರಿಂದ ಓದಿಸಿರಿ. ಇಲ್ಲವಾದರೆ ಜಿಲ್ಲಾ ಕಚೇರಿಗೆ ಹೋಗಿ ಸೇರಿಸುವ ದಾರಿ ನೋಡಿರೆಂದು ಧಣಿಗೆ ಹೇಳಿರಿ. ಅಲ್ಲಿಯವರೆಗೆ ಕೋವಿ ಧಣಿಯ ಕೈಯಲ್ಲೇ ಇರಲಿ. ಕೆಲಸ ಹೋದೀತೆಂದು ಹೆದರುವವರಿದ್ದಾರೆ, ನನಗೆ ಗೊತ್ತಿದೆ. ಸೆರೆಮನೆಗೆ ಹೋದರೂ ಕೆಲಸ ಹೋಗುತ್ತದೆ.

ಎರಡನೆಯ ಗಂಡಾಂತರ ನಳಿಗೆಯ ಒಳಗಿನದು. ಕೇಪಿನ ಕೋವಿಗೆ ತುಂಬತಕ್ಕದ್ದು ಕರಿಮದ್ದು ಮಾತ್ರ, ಅಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಹಳೆಯ ಕಾಲದ ಮದ್ದು. ಸರಿಯಾದ ಮದ್ದು ಮಾರುವ ಲೈಸೆನ್ಸಿನ ಅಂಗಡಿ ಹಳ್ಳಿಯಿಂದ ದೂರ. ದೂರವೆಂದು ಜನ ಏನು ಮಾಡುತ್ತಾರೆ? ಪಟಾಕಿ ಒಡೆದು ಅದರ ಪುಡಿ ಸುರಿಯುತ್ತಾರೆ, ಬೆಂಕಿಕಡ್ಡಿಯ ತಲೆ ಕೆರೆದು ಹಾಕುತ್ತಾರೆ. ಕರಿಮದ್ದು ಉರಿದು ನೂಕುತ್ತದೆ; ಪಟಾಕಿಯ ಪುಡಿ ಒಮ್ಮೆಲೇ ಸಿಡಿಯುತ್ತದೆ. ಕಡ್ಡಿಯ ಮದ್ದಂತೂ ಗಜದಿಂದ ಕುಟ್ಟುವ ಉಜ್ಜಾಟಕ್ಕೇ ಹೊತ್ತಿಕೊಳ್ಳಬಹುದು. ಆಗ ಗಜ ಹಿಡಿದ ಕೈಯೇ ಗುರಿ.

ತೋಟೆಯ ಕೋವಿಯೊಳಗಿನ ಹೊಗೆಯಿಲ್ಲದ ಮದ್ದನ್ನು ಬಿಚ್ಚಿ ಕೇಪಿನ ಕೋವಿಗೆ ಸುರಿಯುವ ಜಾಣರೂ ಇದ್ದಾರೆ. ಈ ಮದ್ದನ್ನು 1884 ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಎಂಬಾತ ಕಂಡುಹಿಡಿದ. ಅದಕ್ಕೆ ಮೊದಲು ರಿವಾಲ್ವರಿನ ತೋಟೆಯಲ್ಲೂ ಕರಿಮದ್ದೇ ಇರುತ್ತಿತ್ತು. ಬ್ರಿಟಿಷ್ ಸೈನ್ಯ 1887 ರಲ್ಲಿ ತೆಗೆದುಕೊಂಡ ವೆಬ್ಲಿ ರಿವಾಲ್ವರಿಗೂ ಮೊದಲಿಗೆ ತುಂಬಿದ್ದು ಅದನ್ನೇ. ಆ ಕಾಲದ ತೋಟೆಯಲ್ಲಿ ಕರಿಮದ್ದನ್ನು ಗುಂಡಿಗೆ ತಗಲುವಂತೆ ಕಂಠಪೂರ್ತಿ ತುಂಬುವುದು ರೂಢಿ. ಅದೇ ಅಳತೆಗೆ ಹೊಸ ಮದ್ದು ತುಂಬಿದವನ ರಿವಾಲ್ವರು ಕೈಯಲ್ಲೇ ಒಡೆಯುತ್ತದೆ. ಅಳತೆಯ ಬಟ್ಟಲು ಒಂದೇ ಆದರೂ ಒಳಗಿನ ಬಲ ಬೇರೆ. ಅಷ್ಟು ನಾಜೂಕಾಗಿ ಮಾಡಿದ ಆಯುಧದ ಗತಿಯೇ ಹೀಗಾದರೆ, ಊರ ಕಮ್ಮಾರನ ಕುಲುಮೆ ಕಂಡ ನಮ್ಮ ನಳಿಗೆಗಳ ಪಾಡೇನು?

ಇನ್ನು ತುಂಬುವ ಬಗೆ. ನಮ್ಮ ಕಡೆಯ ಮುದುಕರೊಬ್ಬರ ಗಜದಲ್ಲಿ ಚಾಕುವಿನಿಂದ ಕೆತ್ತಿದ ಎರಡು ಗುರುತು ನೋಡಿದ್ದೇನೆ. ಬರಿ ನಳಿಗೆಗೆ ಗಜ ಇಳಿಸಿದಾಗ ಬಾಯಿಗೆ ಸಮನಾಗಿ ಬರುವುದು ಒಂದು, ಒಂದು ಈಡು ತುಂಬಿದಾಗ ಬರುವುದು ಇನ್ನೊಂದು. ಕೋವಿ ಕೈಗೆತ್ತಿಕೊಂಡ ಕೂಡಲೇ, ಕೇಪು ಇಲ್ಲವೆಂದು ನೋಡಿ, ಗಜ ಇಳಿಸಿ ಗುರುತು ನೋಡುತ್ತಿದ್ದರು. ನಿನ್ನೆ ತುಂಬಿದ್ದನ್ನು ಮರೆತು ಇಂದು ಮತ್ತೆ ತುಂಬಿದವನ ಕೋವಿ ಒಡೆಯುತ್ತದೆಂದು ಅವರಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಮದ್ದನ್ನು ಬುರುಡೆಯಿಂದ ನೇರ ನಳಿಗೆಗೆ ಸುರಿಯುತ್ತಿರಲಿಲ್ಲ, ಪುಟ್ಟ ಅಳತೆಯ ಕೊಳವೆಗೆ ಹಾಕಿ, ಅಲ್ಲಿಂದ ನಳಿಗೆಗೆ. ಹಿಂದಿನ ಈಡಿನ ಕೆಂಡ ತಳದಲ್ಲಿ ಉಳಿದಿದ್ದರೆ ಹೊತ್ತಿಕೊಳ್ಳುವುದು ಆ ಒಂದು ಅಳತೆ ಮಾತ್ರ. ಬುರುಡೆ ಹಿಡಿದಿದ್ದರೆ ಬುರುಡೆಯೇ ಬಾಂಬು. ಬಿರಡೆಯನ್ನು ಮದ್ದಿನ ಮೇಲೆ ಗಟ್ಟಿಯಾಗಿ ಕೂರಿಸಬೇಕು. ನಡುವೆ ಬಯಲು ಬಿಟ್ಟರೆ ನಳಿಗೆ ಅಲ್ಲಿಯೇ ಉಬ್ಬಿ ಸೀಳುವುದುಂಟು. ಈ ಎಲ್ಲ ಹೊತ್ತಿನಲ್ಲೂ ಮುಖ ನಳಿಗೆಯ ಬಾಯಿಗೆ ಬಾಗಿರಬಾರದು. ಕೇಪು ಏರಿಸುವುದು ಎಲ್ಲಕ್ಕೂ ಕೊನೆಗೆ, ಮಾಳದ ಮೇಲೆ ಹತ್ತಿ ಕುಳಿತ ಮೇಲೆ. ಕುದುರೆ ಬಿದ್ದೂ ಈಡು ಹಾರದಿದ್ದರೆ ಕೋವಿಯನ್ನು ಬಯಲಿನ ಕಡೆಗೇ ಹಿಡಿದು ಎರಡು ನಿಮಿಷ ಸುಮ್ಮನಿರಬೇಕು. ಮಳೆಗಾಲದ ಹಸಿ ಮದ್ದು ತಡವಾಗಿ ಹೊತ್ತಿಕೊಂಡು, ಬಗ್ಗಿ ನೋಡಿದವನ ಕಣ್ಣು ಕಿತ್ತೀತು.

ಬಿರಡೆಗೆ ಕತ್ತವನ್ನೋ ಕಾಗದವನ್ನೋ ತುರುಕುವುದು ವಾಡಿಕೆ. ಅದು ಉರಿಯುತ್ತಲೇ ಹೊರಗೆ ಬೀಳುತ್ತದೆ. 2023 ರ ಮಾರ್ಚಿನಲ್ಲಿ ಮಹದಾಯಿ ಕಾಡು ಸೇರಿ ಗೋವೆಯ ಗುಡ್ಡಗಳು ಹೇಗೆ ಉರಿದವೆಂಬುದನ್ನು ತಾವು ಕಣ್ಣಾರೆ ಕಂಡಿರಬೇಕು. ಒಣಹುಲ್ಲಿನ ಗೇರುಗುಡ್ಡದಲ್ಲಿ ಹಳೆಯ ಕಂಬಳಿಯ ಚೂರು ವಾಸಿ; ಉಣ್ಣೆ ಬೇಗ ಹೊತ್ತಿಕೊಳ್ಳುವುದಿಲ್ಲ.

ತೊಳೆಯುವುದರಲ್ಲೂ ಒಂದು ತಪ್ಪು ನಡೆದು ಬಂದಿದೆ. ಸೀಮೆ ಎಣ್ಣೆಯಲ್ಲಿ ಒರೆಸಿ ಮೂಲೆಗಿಡುತ್ತಾರೆ. ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಬೂದಿ, ಉಪ್ಪು, ಮಸಿಯಾಗಿ ಉಳಿಯುತ್ತದೆ. ಆ ಉಪ್ಪು ಸೀಮೆ ಎಣ್ಣೆಗೆ ಕರಗದು, ನೀರಿಗೆ ಕರಗುತ್ತದೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರು ಮಳೆ ಬೀಳುವ ಸೀಮೆಯಲ್ಲಿ ಅದು ಗಾಳಿಯ ಪಸೆ ಹೀರಿ ಕಬ್ಬಿಣ ತಿನ್ನುತ್ತದೆ. ಬಿಸಿನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ಎಣ್ಣೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕೋವಿಯ ಲೈಸೆನ್ಸು ಕೊಲ್ಲುವ ಲೈಸೆನ್ಸಲ್ಲ. ಕಾಡುಕೋಣ 1972 ರ ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ, ಕಾಡುಹಂದಿ ಎರಡನೆಯದರಲ್ಲಿ. ಅರಣ್ಯ ಇಲಾಖೆಯ ಬರಹದ ಅಪ್ಪಣೆಯಿಲ್ಲದೆ ಹಂದಿಗೂ ಗುಂಡು ಹಾಕುವಂತಿಲ್ಲ. ಕೇರಳ ಸರಕಾರ 2022 ರಲ್ಲಿ ಹಂದಿಯ ವಿಷಯದಲ್ಲಿ ಅಪ್ಪಣೆ ಕೊಡುವ ಅಧಿಕಾರವನ್ನು ಪಂಚಾಯಿತಿಗಳಿಗೆ ಇಳಿಸಿತು. ಕಾಸರಗೋಡಿನ ನಮ್ಮವರಿಗೆ ಅದರ ಗುಣದೋಷ ಎರಡೂ ಗೊತ್ತು. ಗೋವೆಯ ಕಾವಲುಗಾರನಿಗೆ ನಾನು ಹೇಳುವುದಿಷ್ಟೇ: ಚರೆ ಹಾಕಬೇಡಿ. ಅಳತೆಯ ಮದ್ದು, ಅದರ ಮೇಲೆ ಬಿರಡೆ, ಸಾಕು. ಕರಿಮದ್ದಿನ ಆ ದಪ್ಪ ಸದ್ದು, ಹೊಗೆ, ವಾಸನೆ ಬೆಳೆ ಕಾಯುವ ಕೆಲಸವನ್ನು ಮಾಡುತ್ತವೆ. ಬರಿ ಮದ್ದಿನ ಈಡನ್ನೂ ಮನುಷ್ಯನ ಕಡೆ ತಿರುಗಿಸುವುದಲ್ಲ, ಹತ್ತಿರದಿಂದ ಬಿರಡೆಯೂ ಕೊಲ್ಲುತ್ತದೆ. ಪ್ರಾಣಿಗಳು ದಿನ ಕಳೆದಂತೆ ಸದ್ದಿಗೆ ಒಗ್ಗಿಕೊಳ್ಳುತ್ತವೆ ಎಂಬ ಆಕ್ಷೇಪ ನಿಜ. ಆದ್ದರಿಂದ ಗಂಟೆಗೊಮ್ಮೆ ಹಾರಿಸಿ ಸದ್ದನ್ನು ಅಗ್ಗ ಮಾಡಬಾರದು. ಹಣ್ಣಿನಲ್ಲಿ ಸಿಡಿಮದ್ದು ಇಡುವ ಪಾಪಕ್ಕಂತೂ ಯಾರೂ ಕೈ ಹಾಕಬಾರದು. 2020 ರಲ್ಲಿ ಕೇರಳದ ಪಾಲಕ್ಕಾಡು ಸೀಮೆಯಲ್ಲಿ ಬಸುರಿ ಆನೆ ಬಾಯಿ ಸಿಡಿದು ನೀರಿನಲ್ಲಿ ನಿಂತೇ ಸತ್ತಿತು; ನಮ್ಮ ದನಗಳೂ ಹಾಗೆಯೇ ಮೇವು ಮೂಸುತ್ತವೆ.

ಹಳೇ ಗೋವೆಯ ಹತ್ತಿರ ಪಾಣೆಲಿಯಲ್ಲಿ ಪೋರ್ತುಗೀಜರ ಮದ್ದಿನ ಮನೆ ಇತ್ತು. 1759 ರಲ್ಲಿ ಪಣಜಿಗೆ ಹೋಗುವ ತನಕ ಅವರ ವೈಸರಾಯರು ಆ ಮದ್ದಿನ ಮನೆಯ ಅರಮನೆಯಲ್ಲೇ ಇದ್ದರು. ರಾಜ್ಯ ಕಾಯಲು ಅಂದಿನ ಸರಕಾರ ಮದ್ದನ್ನು ಹಿತ್ತಲಲ್ಲೇ ಇಟ್ಟುಕೊಂಡಿತ್ತು. ಬೆಳೆ ಕಾಯಲು ಇಂದಿನ ಸರಕಾರ ತಾಲೂಕಿಗೊಂದು ಕಡೆ, ಲೈಸೆನ್ಸಿನ ಪುಸ್ತಕ ನೋಡಿ, ಅದರಲ್ಲಿ ಬರೆದಷ್ಟು ಒಳ್ಳೆಯ ಕರಿಮದ್ದು ಮಾರುವ ಏರ್ಪಾಡು ಮಾಡಲಾರದೇ? ಬಡವನಿಗೆ ಕೇಪಿನ ಕೋವಿ ಸಾಕೆಂದು ಕಾಯಿದೆ ಮಾಡಿ, ಅದಕ್ಕೆ ತಕ್ಕ ಮದ್ದು ಸಿಗದಂತೆ ಬಿಟ್ಟರೆ ಪಟಾಕಿಯ ಪುಡಿಗೆ ದಾರಿ ತೋರಿಸಿದಂತೆಯೇ. ತುಂಬುವ ವಿಧಾನವನ್ನು ಕೊಂಕಣಿ, ಮರಾಠಿಗಳ ಜೊತೆಗೆ ಕನ್ನಡದಲ್ಲೂ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಲಿ. ಕೋವಿ ಹಿಡಿಯುವವರಲ್ಲಿ ಕನ್ನಡಿಗರು ಎಷ್ಟೋ ಜನ.

ಇನ್ನೊಂದು ಅಡಚಣೆ ಚುನಾವಣೆಯದು. ಗೋವೆಯ ವಿಧಾನಸಭೆಗೆ ಮತದಾನ ನಡೆದದ್ದು 2017 ರ ಫೆಬ್ರುವರಿ 4 ರಂದು, 2022 ರ ಫೆಬ್ರುವರಿ 14 ರಂದು. ಲೋಕಸಭೆಗೆ 2024 ರ ಮೇ 7 ರಂದು. ಮೂರೂ ಗೇರಿನ ಸುಗ್ಗಿಯ ಆಸುಪಾಸಿನ ದಿನಗಳೇ. ಆಗ ಕೋವಿ ಠಾಣೆಯಲ್ಲಿ, ಮಂಗ ತೋಟದಲ್ಲಿ. ಎಲ್ಲರ ಕೋವಿಯನ್ನೂ ಸಾರಾಸಗಟಾಗಿ ಠೇವಣಿ ಇಡಿಸುವುದು ಸಲ್ಲದು, ಒಬ್ಬೊಬ್ಬರದನ್ನೂ ಪರಿಶೀಲಿಸಬೇಕು ಎಂದು ಮುಂಬಯಿ ಹೈಕೋರ್ಟು 2009 ರಲ್ಲಿ ಹೇಳಿದೆ. ಗೋವೆಯೂ ಅದೇ ಹೈಕೋರ್ಟಿಗೆ ಸೇರಿದ್ದು. ಠೇವಣಿಯ ಆಜ್ಞೆ ಬಂದೊಡನೆ, ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸಿದು, ಬೆಳೆ ಈಗ ಗುಡ್ಡದಲ್ಲಿದೆ ಎಂದು ಧಣಿಯಿಂದ ಅರ್ಜಿ ಬರೆಯಿಸಿರಿ. ಕೋವಿಯನ್ನು ಒಪ್ಪಿಸಲೇಬೇಕಾದರೆ ನಳಿಗೆ ಬರಿದು ಮಾಡಿ, ಗಜ ಇಳಿಸಿ ನೋಡಿ, ಧಣಿಯ ಕೈಯಿಂದಲೇ ಒಪ್ಪಿಸಿ ರಸೀದಿ ಪಡೆಯಿರಿ.